ಸಪ್ಲೈ ಶಿಪ್ಪಲ್ಲಿ ನನ್ನ ಮೊದಲ ಡೀಪ್ ಸೀ ಟ್ರಿಪ್

ಶಿಪ್ಪಲ್ಲಿ ಖಲಾಸಿ ಕೆಲ್ಸಕ್ಕೆ ಬೇಕಾದ ಜಿಪಿ ರೇಟಿಂಗ್ ಕೋರ್ಸ್ ಮುಗ್ಸಿ, ಸಿಡಿಸಿ ಅಂದ್ರೆ ನಾವಿಕರ ಗುರುತಿನ ಪುಸ್ತಕ ಕೈಗೆ ಬಂದ್ಮೇಲೆ ನಂಗೆ ಸಿಕ್ಕಿದ್ದು ಆಫ್‌ಶೋರ್ ಸಪ್ಲೈ ಶಿಪ್ಪು. ಮುಂದ್ಗಡೆ ಎತ್ತರಕ್ಕೆ ಬ್ರಿಡ್ಜು, ಹಿಂದೆ ಉದ್ದಕ್ಕೂ ಬಯಲು ಡೆಕ್ಕು, ಅದೂ ನೀರಿಗೆ ತೀರಾ ಹತ್ರ. ಮುಂಬೈಯಿಂದ ಕಾಕಿನಾಡಕ್ಕೆ ಹೋಗಿ ಅಲ್ಲಿಂದ ಕೃಷ್ಣಾ-ಗೋದಾವರಿ ಬೇಸಿನ್ನಲ್ಲಿ ಸಾವಿರ ಮೀಟರ್‌ಗಿಂತ ಜಾಸ್ತಿ ಆಳದಲ್ಲಿ ಎಣ್ಣೆ-ಗ್ಯಾಸ್ ಬಾವಿ ಕೊರೀತಿರೋ ಡ್ರಿಲ್‌ಶಿಪ್ಪಿಗೆ ಸಾಮಾನು ಮುಟ್ಸೋದು ಕೆಲ್ಸ. ರಾಮಸೇತು ಕಡೆ ನೀರು ಆಳ ಇಲ್ಲ, ಹಾಗಾಗಿ ಶ್ರೀಲಂಕಾ ಸುತ್ಕೊಂಡೇ ಹೋಗ್ಬೇಕು.

ನಾನು ಹೊನ್ನಾವರ ಕಡೆಯೋನು, ಮೀನುಗಾರರ ಮನೆ. ಆದ್ರೂ ವಾಂತಿ ಬಂತು, ಯಾಕಂದ್ರೆ ದೋಣಿ ಓಲಾಡೋದೇ ಬೇರೆ, ಈ ಶಿಪ್ಪು ಹೊರಳೋದೇ ಬೇರೆ. ನಮ್ಮ ಸೆರಾಂಗ್, ಅಂದ್ರೆ ಡೆಕ್ ಕೆಲಸದವ್ರ ಮೇಸ್ತ್ರಿ, ಲಕ್ಷದ್ವೀಪದ ಮಿನಿಕಾಯ್‌ನವ್ರು, ಹೊಟ್ಟೆ ಖಾಲಿ ಬಿಡ್ಬೇಡ, ಒಣ ಬಿಸ್ಕೆಟ್ ತಿನ್ನು, ಕ್ಯಾಬಿನ್ನಲ್ಲಿ ಮುದುಡ್ಕೊಂಡು ಮಲಗ್ದೆ ಹೊರಗೆ ಬಂದು ದೂರ ಕಡಲು ಆಕಾಶ ಸೇರೋ ಕಡೆ ನೋಡು ಅಂದ್ರು. ಹಾಗೇ ಮಾಡ್ದೆ, ಕಮ್ಮಿ ಆಯ್ತು.

ಆರು ಗಂಟೆ ಡ್ಯೂಟಿ, ಆರು ಗಂಟೆ ರೆಸ್ಟು. ರಾತ್ರಿ ಲುಕ್‌ಔಟ್, ಅಂದ್ರೆ ಸುತ್ತ ಕಡಲಿನ ಮೇಲೆ ಕಣ್ಣಿಟ್ಟು ಕಾಯೋದು, ನಂಗೆ ತುಂಬಾ ಇಷ್ಟ ಆಯ್ತು, ಮೀನಿನ ಬೋಟ್ ಲೈಟು ಕಂಡ್ರೆ ಬಲೆ ಯಾವ ಕಡೆ ಬಿದ್ದಿರ್ಬಹುದು ಅಂತ ಊರಿನ ಅಭ್ಯಾಸದಿಂದ ಒಂದು ಅಂದಾಜು ಸಿಗ್ತಿತ್ತು, ಅದನ್ನ ಹೇಳಿದ್ರೆ ಸೆಕೆಂಡ್ ಆಫೀಸರ್ ಗಮನ ಕೊಟ್ಟು ಕೇಳೋರು.

ಆದ್ರೆ ನಿಜವಾದ ಕೆಲ್ಸ ಶುರುವಾಗೋದು ರಿಗ್, ಅಂದ್ರೆ ಆ ಡ್ರಿಲ್‌ಶಿಪ್ ಹತ್ರ. ಅದ್ರ ಸುತ್ತ ಇರೋ 500 ಮೀಟರ್ ಸೇಫ್ಟಿ ಝೋನ್ ಒಳಗೆ ಹೋಗೋ ಮುಂಚೆ ಇಂಜಿನ್ನು, ಥ್ರಸ್ಟರ್ (ಶಿಪ್ಪನ್ನ ಅಡ್ಡಕ್ಕೂ ತಳ್ಳೋ ಪ್ರೊಪೆಲ್ಲರ್), ಸ್ಟೀರಿಂಗ್ ಎಲ್ಲಾ ಚೆಕ್ ಮಾಡಿ ರೇಡಿಯೋದಲ್ಲಿ ಪರ್ಮಿಷನ್ ತಗೋಬೇಕು. ಅಲ್ಲಿ ಆ್ಯಂಕರ್ ಹಾಕೋ ಮಾತೇ ಇಲ್ಲ, ಡಿಪಿ (ಡೈನಾಮಿಕ್ ಪೊಸಿಷನಿಂಗ್) ಅನ್ನೋ ಕಂಪ್ಯೂಟರ್ ಸಿಸ್ಟಮ್ಮು ಪೊಸಿಷನ್ ನೋಡ್ಕೊಂಡು ಥ್ರಸ್ಟರ್ ತಿರುಗಿಸ್ತಾ ಶಿಪ್ಪನ್ನ ಇದ್ದಲ್ಲೇ ಹಿಡ್ಕೊಂಡಿರುತ್ತೆ. ಅಕ್ಕಪಕ್ಕ ಜರುಗಲ್ಲ ನಿಜ, ಆದ್ರೆ ಅಲೆಗೆ ಮೇಲೆ ಕೆಳಗೆ ಆಗೋದನ್ನ ಯಾವ ಸಿಸ್ಟಮ್ಮೂ ನಿಲ್ಸಲ್ಲ. ಕ್ರೇನ್ ಇರೋದು ಡ್ರಿಲ್‌ಶಿಪ್ ಮೇಲೆ, ಡೆಕ್ಕು ನಮ್ದು, ಎರಡೂ ಬೇರೆ ಬೇರೆ ತಾಳದಲ್ಲಿ ಕುಣೀತಿರ್ತವೆ, ಮಧ್ಯ ಟನ್‌ಗಟ್ಟಲೆ ಭಾರದ ಬಾಸ್ಕೆಟ್ಟು ನೇತಾಡ್ತಿರುತ್ತೆ. ಡೀಸೆಲ್, ನೀರು ಹೋಸ್‌ನಲ್ಲಿ ಪಂಪ್ ಆಗುತ್ತೆ, ಸಿಮೆಂಟು, ಬೆರೈಟ್ (ಕೊರೆಯೋ ಮಡ್ಡಿಗೆ ಭಾರ ಬರೋಕೆ ಬೆರೆಸೋ ಖನಿಜ) ಪುಡೀನ ಗಾಳಿ ಒತ್ತಡದಲ್ಲಿ ಮೇಲಕ್ಕೆ ಊದ್ತಾರೆ.

ಸೆರಾಂಗ್ ನಂಗೆ ಮೊದ್ಲು ಕಲ್ಸಿದ್ದು ಹುಕ್ ಹಾಕೋದಲ್ಲ, ನಿಲ್ಲೋ ಜಾಗ. "ತಮ್ಮಾ, ಮೊದ್ಲು ಓಡೋ ದಾರಿ ನೋಡ್ಕೋ, ಆಮೇಲೆ ಹುಕ್ ಮುಟ್ಟು" ಅಂತ ಅವ್ರ ಹಿಂದೀಲಿ ಹೇಳ್ತಿದ್ರು. ತೂಗ್ತಿರೋ ಲೋಡ್ ಕೆಳಗೆ ಹೋಗ್ಬಾರ್ದು, ಎರಡು ಕಂಟೇನರ್ ಮಧ್ಯ ಅಂತೂ ನಿಲ್ಲಲೇಬಾರ್ದು, ಬಾಸ್ಕೆಟ್ ಡೆಕ್ಕಿಗೆ ಕೂತು ಸ್ಲಿಂಗ್ (ಲೋಡನ್ನ ಹುಕ್ಕಿಗೆ ತೂಗಿಸೋ ಹಗ್ಗ) ಸಡ್ಲ ಆಗೋವರೆಗೂ ದೂರಾನೇ ಇರ್ಬೇಕು. ಹಿಂದಿನಿಂದ ಅಲೆ ಡೆಕ್ಕಿಗೆ ನುಗ್ಗಿ ಮೊಣಕಾಲುವರೆಗೂ ನೀರು ಬರುತ್ತೆ, ಆವಾಗ ಏನನ್ನ ಹಿಡ್ಕೋಬೇಕು ಅನ್ನೋದು ಮೊದ್ಲೇ ಗೊತ್ತಿರ್ಬೇಕು. ಇನ್ನೊಂದು, ಸರಿ ಕಾಣ್ಲಿಲ್ಲ ಅಂದ್ರೆ ಹೊಸಬನೂ ಕೈ ಎತ್ತಿ ಸ್ಟಾಪ್ ಅನ್ಬಹುದು. ನಾನೂ ಒಂದ್ಸಲ ಸ್ಲಿಂಗ್ ತಿರುಚ್ಕೊಂಡಿದ್ದು ಕಂಡು ನಿಲ್ಲಿಸ್ದೆ, ಯಾರೂ ಬೈಲಿಲ್ಲ, ಲೋಡ್ ಇಳ್ಸಿ ಸರಿ ಮಾಡಿ ಮತ್ತೆ ಎತ್ತಿದ್ರು.

ಊರಲ್ಲಿ ಹುಡುಗ್ರು ಕೇಳೋದು ಸಂಬಳ ಎಷ್ಟು ಅಂತ. ನಾನು ಮೊದ್ಲು ಹೇಳೋದು, ಏಜೆಂಟ್ ಕೆಲ್ಸ ಕೊಡಿಸ್ತೀನಿ ದುಡ್ಡು ಕೊಡು ಅಂದ್ರೆ ಕೊಡ್ಬೇಡಿ, ಹಾಗೆ ತಗೊಳ್ಳೋದು ಕಾನೂನಿಗೆ ವಿರುದ್ಧ, ಕೇಂದ್ರ ಸರ್ಕಾರದ ಡಿಜಿ ಶಿಪ್ಪಿಂಗ್ ವೆಬ್‌ಸೈಟಲ್ಲಿ ಅವ್ರ ಆರ್‌ಪಿಎಸ್‌ಎಲ್, ಅಂದ್ರೆ ನಾವಿಕರನ್ನ ಕೆಲ್ಸಕ್ಕೆ ಸೇರ್ಸೋ ಲೈಸೆನ್ಸ್ ನಂಬರ್ ಇದೆಯಾ ಅಂತ ನೋಡ್ಕೊಂಡೇ ಕಾಗದಕ್ಕೆ ಸೈನ್ ಹಾಕಿ.