ಪತ್ರವನ್ನು ಕರ್ತನ ಮುಂದೆ ಹರಡುವುದು: ಕೈಮೀರಿದ ಸಂಕಟದಲ್ಲಿ ದೇವರ ಬಿಡುಗಡೆಯನ್ನು ನಂಬುವ ಬಗೆ

ಸಾಲ ವಸೂಲಿಯ ನೋಟಿಸು, ಆಸ್ಪತ್ರೆಯ ವರದಿ, ನ್ಯಾಯಾಲಯದ ಸಮನ್ಸು ಇವೆಲ್ಲ ಕಾಗದದ ರೂಪದಲ್ಲಿಯೇ ಮನೆಗೆ ಬರುತ್ತವೆ. ಯೆಹೂದದ ಅರಸನಾದ ಹಿಜ್ಕೀಯನಿಗೂ ಕ್ರಿಸ್ತಪೂರ್ವ 701ರಲ್ಲಿ ಸಂಕಟವು ಕೊನೆಗೆ ಒಂದು ಪತ್ರವಾಗಿಯೇ ಬಂದಿತು. ಅಶ್ಶೂರದ ಅರಸನಾದ ಸನ್ಹೇರೀಬನು ಕೋಟೆಕೊತ್ತಲಗಳಿದ್ದ ಊರುಗಳನ್ನು ಒಂದೊಂದಾಗಿ ಹಿಡಿದಿದ್ದನು. ಯೆರೂಸಲೇಮ್ ಮಾತ್ರ ಉಳಿದಿತ್ತು. ಸತ್ಯವೇದದ, ಅಂದರೆ ಬೈಬಲಿನ, ಅರಸುಗಳು ಎರಡನೆಯ ಪುಸ್ತಕದ 18 ಮತ್ತು 19ನೆಯ ಅಧ್ಯಾಯಗಳನ್ನು ನಿಧಾನವಾಗಿ ಓದಿದರೆ, ದೇವರ ಬಿಡುಗಡೆಯನ್ನು ನಂಬುವುದೆಂದರೆ ಏನು ಮಾಡುವುದು ಎಂಬುದನ್ನು ಆ ಅರಸನ ನಡೆಗಳಲ್ಲಿಯೇ ಕಾಣಬಹುದು. ಈ ಬರಹವು ಆ ನಡೆಗಳನ್ನೇ ಅನುಸರಿಸುತ್ತದೆ.

ಮೊದಲಿಗೆ, ಹಿಂದೆ ಮಾಡಿದ ತಪ್ಪು ನಿಮ್ಮನ್ನು ಪ್ರಾರ್ಥನೆಯಿಂದ ತಡೆಯದಿರಲಿ. ಹಿಜ್ಕೀಯನು ಆರಂಭದಲ್ಲಿ ಹಣ ಕೊಟ್ಟು ಶತ್ರುವನ್ನು ಸಾಗಹಾಕಲು ನೋಡಿದನು. 300 ತಲಾಂತು (ಆ ಕಾಲದ ದೊಡ್ಡ ತೂಕದ ಅಳತೆ) ಬೆಳ್ಳಿಯನ್ನೂ 30 ತಲಾಂತು ಬಂಗಾರವನ್ನೂ ಹೊಂದಿಸುವುದಕ್ಕಾಗಿ ದೇವಾಲಯದ ಬಾಗಿಲುಗಳಿಗೆ ತಾನೇ ಹೊದಿಸಿದ್ದ ಬಂಗಾರವನ್ನು ಕಿತ್ತುಕೊಟ್ಟನು. ಹಣ ಹೋಯಿತು, ಆದರೂ ಸೈನ್ಯ ಬಂದಿತು. ಹಾಗೆ ಬರಿದುಮಾಡಿದ ಆ ಆಲಯಕ್ಕೇ ಅವನು ಗೋಣಿತಟ್ಟನ್ನು ಉಟ್ಟುಕೊಂಡು ಮತ್ತೆ ಹೋದನು, ಮತ್ತು ದೇವರು ಅವನನ್ನು ಹೊರಗೆ ನಿಲ್ಲಿಸಲಿಲ್ಲ. ಎಲ್ಲ ದಾರಿಗಳೂ ಮುಚ್ಚಿದ ಮೇಲೆ ಕರ್ತನ ಬಳಿಗೆ ಬಂದೆನಲ್ಲಾ ಎಂದು ನಾಚುವವರು ಈ ಭಾಗವನ್ನು ಎರಡು ಸಲ ಓದಬೇಕು.

ಎರಡನೆಯದು, ಭಯದೊಡನೆ ವಾದಕ್ಕೆ ಇಳಿಯದಿರುವುದು. ಸನ್ಹೇರೀಬನು ಕಳುಹಿಸಿದ ಅಧಿಕಾರಿಯಾದ ರಬ್ಷಾಕೆಯು ಅಗಸರ ಹೊಲದ ದಾರಿಯಲ್ಲಿದ್ದ ಕಾಲುವೆಯ ಬಳಿ ನಿಂತು, ಗೋಡೆಯ ಮೇಲಿನ ಜನರೆಲ್ಲರಿಗೂ ತಿಳಿಯಲೆಂದು ಅವರದೇ ಭಾಷೆಯಲ್ಲಿ ಕೂಗಿದನು. ಅವನ ಮಾತೆಲ್ಲ ಸುಳ್ಳಾಗಿರಲಿಲ್ಲ. ಐಗುಪ್ತದ (ಈಜಿಪ್ಟಿನ) ಸಹಾಯವನ್ನು ನೆಚ್ಚಬೇಡಿರಿ ಎಂದದ್ದು ನಿಜವೇ ಆಗಿತ್ತು, ಆ ನಿಜದ ಜೊತೆಗೆ ನಿಮ್ಮ ದೇವರೂ ನಿಮ್ಮನ್ನು ಬಿಡಿಸಲಾರನು ಎಂಬುದನ್ನು ಅವನು ಬೆರೆಸಿದನು. ನಡುರಾತ್ರಿಯಲ್ಲಿ ನಮ್ಮ ಮನಸ್ಸಿನೊಳಗೆ ಮಾತಾಡುವ ಭಯವೂ ಹೀಗೆಯೇ ಅರ್ಧ ಸತ್ಯಗಳಿಂದ ಕೂಡಿರುತ್ತದೆ. ಅರಸನ ಅಪ್ಪಣೆಯಂತೆ ಜನರು ಒಂದು ಮಾತನ್ನೂ ಆಡದೆ ಸುಮ್ಮನಿದ್ದರು. ಆ ಹೊತ್ತಿನಲ್ಲಿ ನೀವೂ ಉತ್ತರ ಹುಡುಕಬೇಡಿರಿ; ಎದ್ದು ದೀಪ ಹಚ್ಚಿ, ಒಂದು ಕೀರ್ತನೆಯನ್ನು ಬಾಯಿಬಿಟ್ಟು ಓದಿರಿ. 13ನೆಯ ಕೀರ್ತನೆಯು ಆರೇ ವಚನಗಳದ್ದು. ಎಷ್ಟು ಕಾಲ ಎಂಬ ಪ್ರಶ್ನೆಯು ಮೊದಲ ಎರಡು ವಚನಗಳಲ್ಲಿಯೇ ನಾಲ್ಕು ಸಲ ಬರುತ್ತದೆ. ದೇವರನ್ನು ಹೀಗೆ ಕೇಳಬಹುದೇ ಎಂದು ಸಂಕೋಚಪಡುವವರಿಗೆ ಸತ್ಯವೇದವೇ ಕೊಟ್ಟಿರುವ ಅನುಮತಿ ಅದು.

ಮೂರನೆಯದೇ ಈ ವೃತ್ತಾಂತದ ತಿರುಳು. ಹಿಜ್ಕೀಯನು ಸನ್ಹೇರೀಬನ ಬೆದರಿಕೆಯ ಪತ್ರವನ್ನು ತೆಗೆದುಕೊಂಡು ಓದಿದನು, ಆಲಯಕ್ಕೆ ಹೋಗಿ ಅದನ್ನು ಯೆಹೋವನ ಮುಂದೆ ಹರಡಿದನು. ಓದದೆ ಮಡಚಿಡಲಿಲ್ಲ, ಓದಿ ಹರಿದುಹಾಕಲೂ ಇಲ್ಲ. ಪ್ರಾರ್ಥನೆಯಲ್ಲಿ ಅವನು ಮೊದಲು ದೇವರು ಯಾರೆಂಬುದನ್ನು ಹೇಳಿದನು, ಅಂದರೆ ಆತನೊಬ್ಬನೇ ಭೂಮಿಯ ಎಲ್ಲ ರಾಜ್ಯಗಳ ದೇವರು, ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದವನು ಎಂದನು. ಬಳಿಕ ಅಶ್ಶೂರದ ಅರಸರು ಜನಾಂಗಗಳನ್ನು ಹಾಳುಮಾಡಿದ್ದು ನಿಜವೆಂದು ಒಪ್ಪಿಕೊಂಡನು. ಕೊನೆಗೆ, ನಮ್ಮನ್ನು ಬಿಡಿಸು ಎಂದು ನೇರವಾಗಿ ಬೇಡಿದನು. ಸಂಕಟದ ಗಾತ್ರವನ್ನು ಕಡಿಮೆಮಾಡಿ ಹೇಳುವುದು ವಿಶ್ವಾಸವಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ. ಆದುದರಿಂದ ನಿಮಗೆ ಬಂದ ಆ ಕಾಗದವನ್ನೇ ಮೇಜಿನ ಮೇಲೆ ಬಿಡಿಸಿಟ್ಟು ಮೊಣಕಾಲೂರಿರಿ. ಸಾಲದ ಮೊತ್ತವನ್ನು ರೂಪಾಯಿಗಳಲ್ಲಿ ಹೇಳಿರಿ, ರೋಗವನ್ನು ಅದರ ಹೆಸರಿನಿಂದಲೇ ಹೇಳಿರಿ, ಕೊನೆಯ ದಿನಾಂಕವನ್ನೂ ಹೇಳಿರಿ. ಕರ್ತನೇ, ನಮ್ಮ ಕಷ್ಟಗಳನ್ನು ನೀಗಿಸು ಎಂಬ ಒಂದೇ ಸಾಲಿನಲ್ಲಿ ಮುಗಿಸಿದರೆ ಭಾರವು ನಮ್ಮ ಹೆಗಲಿನಲ್ಲಿಯೇ ಉಳಿದುಬಿಡುತ್ತದೆ.

ಇದನ್ನು ಒಬ್ಬರೇ ಮಾಡಬೇಕೆಂದಿಲ್ಲ. ಅರಸನು ಪ್ರವಾದಿಯಾದ ಯೆಶಾಯನ ಬಳಿಗೆ ಆಳುಗಳನ್ನು ಕಳುಹಿಸಿ, ಹೆರಿಗೆಯ ಹೊತ್ತು ಬಂದಿದೆ, ಹೆರುವುದಕ್ಕೆ ಶಕ್ತಿಯಿಲ್ಲ ಎಂದು ಹೇಳಿಸಿದನು. ಸಭಾಪಾಲಕರಿಗಾಗಲಿ, ವಾರದ ಮನೆ ಪ್ರಾರ್ಥನೆಗೆ ಕೂಡುವ ಇಬ್ಬರು ಮೂವರಿಗಾಗಲಿ ಅಷ್ಟೇ ಬಿಚ್ಚುಮನಸ್ಸಿನಿಂದ ಹೇಳಿರಿ.

ಪ್ರಾರ್ಥಿಸಿದ ಮೇಲೆ ಕೈಕಟ್ಟಿ ಕೂರಬೇಕೇ ಎಂದು ಅನೇಕರು ಕೇಳುತ್ತಾರೆ. ಹಿಜ್ಕೀಯನು ಗೋಡೆಯನ್ನು ದುರಸ್ತಿಮಾಡಿಸಿದನು, ಊರ ಹೊರಗಿನ ಬುಗ್ಗೆಗಳನ್ನು ಮುಚ್ಚಿಸಿದನು, ಗೀಹೋನ್ ಬುಗ್ಗೆಯ ನೀರನ್ನು ಪಟ್ಟಣದೊಳಕ್ಕೆ ತಿರುಗಿಸಿದನು. ಅವನದೆಂದು ಹೇಳಲಾಗುವ, ಬಂಡೆಯೊಳಗೆ ಕೊರೆದ ಸುಮಾರು 533 ಮೀಟರ್ ಉದ್ದದ ಸುರಂಗದಲ್ಲಿ ಇಂದಿಗೂ ನೀರು ಹರಿಯುತ್ತದೆ. ಎರಡು ಕಡೆಯಿಂದ ಅಗೆದವರು ನಡುವೆ ಸಂಧಿಸಿದ್ದನ್ನು ತಿಳಿಸುವ ಶಾಸನವು ಅಲ್ಲಿ 1880ರಲ್ಲಿ ಸಿಕ್ಕಿತು. ಅದೇ ಅರಸನು ಮರಣಕರವಾದ ರೋಗದಲ್ಲಿ ಬಿದ್ದಾಗ, ಮೂರನೆಯ ದಿನ ಆಲಯಕ್ಕೆ ಹೋಗುವಿ ಎಂಬ ದೇವರ ವಾಗ್ದಾನವನ್ನು ತಂದ ಯೆಶಾಯನೇ ಅಂಜೂರದ ಉಂಡೆಯನ್ನು ತರಿಸಿ ಹುಣ್ಣಿನ ಮೇಲೆ ಇಡಿಸಿದನು. ಆದಕಾರಣ ವಿಶ್ವಾಸದ ಹೆಸರಿನಲ್ಲಿ ಔಷಧಿಯನ್ನು ನಿಲ್ಲಿಸಬೇಡಿರಿ, ವಕೀಲರ ಭೇಟಿಯನ್ನು ತಪ್ಪಿಸಬೇಡಿರಿ.

ಇಲ್ಲಿ ಒಂದು ಕಠಿಣವಾದ ಮಾತನ್ನೂ ಹೇಳಲೇಬೇಕು. ಯೆರೂಸಲೇಮ್ ಉಳಿಯಿತು, ಯೆಹೂದದ ಇನ್ನೊಂದು ಕೋಟೆಯ ಊರಾದ ಲಾಕೀಷ್ ಬಿದ್ದಿತು. ಆ ಊರಿನ ಜನರು ಹೆಂಡತಿ ಮಕ್ಕಳೊಡನೆ ಸೆರೆಹೋಗುವ ದೃಶ್ಯವನ್ನು ಸನ್ಹೇರೀಬನು ನಿನೆವೆಯ ತನ್ನ ಅರಮನೆಯ ಗೋಡೆಗಳಲ್ಲಿ ಕೆತ್ತಿಸಿದನು. ಆ ಶಿಲಾಫಲಕಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಲಾಕೀಷಿನವರ ನಂಬಿಕೆ ಸಾಲದೆ ಹೋಯಿತೆಂದು ಸತ್ಯವೇದವು ಎಲ್ಲಿಯೂ ಹೇಳುವುದಿಲ್ಲ. ಮಗುವನ್ನು ಕಳೆದುಕೊಂಡ ತಾಯಿಗೆ ಹಾಗೆ ಹೇಳುವ ಹಕ್ಕು ನಮಗೂ ಇಲ್ಲ. ಅಂಥವರ ಬಳಿಯಲ್ಲಿ ಕುಳಿತು, ಕತ್ತಲೆಯಲ್ಲಿಯೇ ಮುಗಿಯುವ 88ನೆಯ ಕೀರ್ತನೆಯನ್ನು ಅವರೊಡನೆ ಓದಿರಿ. ಕ್ರೈಸ್ತರ ನಿರೀಕ್ಷೆಯು ಶಿಲುಬೆಯನ್ನು ದಾಟಿ ಪುನರುತ್ಥಾನದ ವರೆಗೆ ಚಾಚಿರುವುದರಿಂದ, ಈ ಲೋಕದಲ್ಲಿ ಕಾಣದ ಬಿಡುಗಡೆಗಾಗಿಯೂ ಅವರೊಂದಿಗೆ ಕಾಯಬಹುದು.

ಬಿಡುಗಡೆಯು ಬಂದಾಗ ಅದನ್ನು ಗುರುತಿಸುವುದನ್ನೂ ಕಲಿಯಬೇಕು. ಒಂದೇ ರಾತ್ರಿಯಲ್ಲಿ ಅಶ್ಶೂರ್ಯರ ಪಾಳೆಯದಲ್ಲಿ 1,85,000 ಮಂದಿ ಸತ್ತರೆಂದು ವೃತ್ತಾಂತವು ಹೇಳುತ್ತದೆ. ಆದರೆ ದೇವರು ಹಿಜ್ಕೀಯನಿಗೆ ಕೊಟ್ಟ ಗುರುತು ಹೊಲದ್ದಾಗಿತ್ತು: ಈ ವರ್ಷ ತಾನಾಗಿ ಬೆಳೆದದ್ದನ್ನು ಉಣ್ಣುವಿರಿ, ಎರಡನೆಯ ವರ್ಷ ಅದರಿಂದ ಮೊಳೆತದ್ದನ್ನು ಉಣ್ಣುವಿರಿ, ಮೂರನೆಯ ವರ್ಷ ಬಿತ್ತಿ ಕೊಯ್ಯುವಿರಿ. ಶತ್ರುವು ರಾತ್ರಿಯಲ್ಲಿ ಹೋದರೂ ಬಿತ್ತಿ ಕೊಯ್ಯುವುದಕ್ಕೆ ಮೂರನೆಯ ವರ್ಷ ಬರಬೇಕಾಯಿತು. ಆದುದರಿಂದ ಒಂದು ಪುಸ್ತಕವನ್ನು ಇಟ್ಟುಕೊಂಡು, ಬಿತ್ತದೆಯೇ ಸಿಕ್ಕಿದ್ದನ್ನು ದಿನಾಂಕದೊಂದಿಗೆ ಬರೆಯುತ್ತಾ ಬನ್ನಿರಿ: ನೆರೆಯವರು ತಂದುಕೊಟ್ಟ ಊಟ, ಬ್ಯಾಂಕು ಕೊಟ್ಟ ಒಂದು ತಿಂಗಳ ಗಡುವು, ನೋವಿಲ್ಲದೆ ನಿದ್ದೆ ಬಂದ ಒಂದು ರಾತ್ರಿ. ಮನೆಯವರೊಂದಿಗೆ ಕೂತು ಅದನ್ನು ವಾರಕ್ಕೊಮ್ಮೆ ಓದಿ, ಒಂದೊಂದಕ್ಕೂ ಹೆಸರಿಟ್ಟು ಸ್ತೋತ್ರ ಸಲ್ಲಿಸಿರಿ.