ಕ್ಯಾನ್ವಾಸ್ ಡೇರೆ ಸಾಕುವ ಬಗೆ

ನೈಲಾನ್ ಟೆಂಟನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಹತ್ತಿಯ ಕ್ಯಾನ್ವಾಸ್ ಡೇರೆಯನ್ನು ಮಾತ್ರ ಎಮ್ಮೆಯ ಹಾಗೆ ಸಾಕಬೇಕು. ನೀರು ಕುಡಿಸಬೇಕು, ಮೈ ಒಣಗಿಸಬೇಕು, ಕಟ್ಟುವ ಜಾಗ ನೋಡಬೇಕು. ಬದಲಿಗೆ ಅದು ಕೊಡುವುದೂ ಕಡಿಮೆಯೇನಲ್ಲ: ಒಳಗೆ ನೆಟ್ಟಗೆ ನಿಂತು ಪಂಚೆ ಉಡುವಷ್ಟು ಎತ್ತರ, ಗಾಳಿಯಾಡುವ ಗೋಡೆ, ಮಳೆ ಬಂದರೆ ಮೆತ್ತಗೆ ಕೇಳುವ ಸದ್ದು.

ಕೊಳ್ಳುವ ಮುನ್ನ

ಮನೆಮಂದಿಗೆ ಹೊಂದುವುದು 5 ಮೀಟರ್ ವ್ಯಾಸದ, ಗಂಟೆಯಾಕಾರದ ಬೆಲ್ ಟೆಂಟ್. ನಡುವೆ ಒಂದೇ ಕಂಬ. 1856ರಲ್ಲಿ ಅಮೆರಿಕದ ಸೇನಾಧಿಕಾರಿ ಹೆನ್ರಿ ಹಾಪ್ಕಿನ್ಸ್ ಸಿಬ್ಲಿ ಪೇಟೆಂಟ್ ಪಡೆದ ಡೇರೆಯ ಹತ್ತಿರದ ನೆಂಟ ಇದು. ಒಳಗೆ ಸುಮಾರು 210 ಚದರ ಅಡಿ ನೆಲ. ಆರು ಜನ ಕಾಲು ಚಾಚಿ ಮಲಗಬಹುದು. ಸುತ್ತಲಿನ ಹಗ್ಗಗಳಿಗೂ ಸೇರಿಸಿ 8 ಮೀಟರ್ ಅಗಲದ ಜಾಗ ಬೇಕು. ತೂಕ 30–40 ಕಿಲೊ ಆಗುತ್ತದೆ, ಆದ್ದರಿಂದ ಕಾರು ಇಲ್ಲದವರು ಈ ಆಸೆ ಬಿಡುವುದು ಒಳ್ಳೆಯದು.

ಬಟ್ಟೆಯ ದಪ್ಪವನ್ನು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಹೇಳುತ್ತಾರೆ. ಸಾಮಾನ್ಯವಾಗಿ ಸಿಗುವುದು 285ರಿಂದ 360. ನನ್ನನ್ನು ಕೇಳಿದರೆ 285 ಸಾಕು. ದಪ್ಪ ಬಟ್ಟೆ ಗಟ್ಟಿ ನಿಜ, ಆದರೆ ಒಣಗುವುದು ತಡ. ನೆಲಹಾಸು ಗೋಡೆಗೆ ಜಿಪ್ಪಿನಿಂದ ಸೇರುವಂಥದ್ದನ್ನೇ ಆರಿಸಿ. ಹಾವು, ಚೇಳು ಇರುವ ಊರಿನವರು ಈ ವಿಷಯದಲ್ಲಿ ಚೌಕಾಸಿ ಮಾಡಬಾರದು.

ಮೊದಲು ನೀರು ಕುಡಿಸಿ

ಹೊಸ ಡೇರೆಯನ್ನು ನೇರ ಕ್ಯಾಂಪಿಗೆ ಒಯ್ಯಬೇಡಿ. ಅಂಗಳದಲ್ಲೇ ಎಬ್ಬಿಸಿ, ಪೈಪಿನಿಂದ ಪೂರ್ತಿ ತೋಯಿಸಿ, ಪೂರ್ತಿ ಒಣಗಲು ಬಿಡಿ. ಹೀಗೆ ಎರಡು ಮೂರು ಸಲ. ಮೊದಲ ಸಲ ಹೊಲಿಗೆಯ ಸಾಲಿನುದ್ದಕ್ಕೂ ಹನಿ ಜಿನುಗುವುದು ಕಂಡು ಮೋಸ ಹೋದೆವೆಂದು ಗಾಬರಿಯಾಗುತ್ತದೆ. ಸೂಜಿ ಚುಚ್ಚಿದ ತೂತುಗಳವು. ನೀರು ಕುಡಿದ ಹತ್ತಿಯ ನೂಲು ಉಬ್ಬಿ ಅವನ್ನು ತುಂಬಿಕೊಳ್ಳುತ್ತದೆ. ಮೂರನೆಯ ಸಲದ ಹೊತ್ತಿಗೆ ಜಿನುಗು ಬಹುಪಾಲು ನಿಂತಿರುತ್ತದೆ.

ಜಾಗ ಮತ್ತು ಗೂಟ

ಮೀಸಲು ಅರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಡೇರೆ ಹಾಕುವಂತಿಲ್ಲ. ನಮ್ಮದೋ ಗೆಳೆಯರದೋ ತೋಟ, ಕೊಯ್ಲಾದ ಗದ್ದೆ ಸಾಕು. ನೆರಳಿಗೆಂದು ತೆಂಗಿನ ಬುಡಕ್ಕೆ ಹೋಗಬೇಡಿ. ಕಾಯಿ ಬೀಳದಿದ್ದರೂ ಒಣಗಿದ ಗರಿ ಬಿದ್ದರೆ ಬಟ್ಟೆ ಹರಿಯುತ್ತದೆ. ಹಲಸಿನ ಮರದಡಿ ಮೇಣ ಅಂಟಿದರೆ ಬಿಡಿಸುವುದು ಅಷ್ಟಕ್ಕಷ್ಟೆ.

ಡೇರೆಯ ಜೊತೆ ಬರುವ ತೆಳ್ಳನೆಯ ಗೂಟಗಳು ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಎರಡೇ ಏಟಿಗೆ ಬಾಗುತ್ತವೆ. ವೆಲ್ಡಿಂಗ್ ಅಂಗಡಿಯಲ್ಲಿ 12 ಎಂ.ಎಂ. ಕಂಬಿಯನ್ನು ಒಂದೊಂದು ಅಡಿಗೆ ಕತ್ತರಿಸಿ, ತಲೆ ಬಗ್ಗಿಸಿಕೊಂಡು ಬನ್ನಿ.

ಎಬ್ಬಿಸುವ ಕ್ರಮ ಹೀಗೆ. ನೆಲಹಾಸು ಹರಡಿ, ಮೇಲೆ ಕ್ಯಾನ್ವಾಸ್ ಹಾಸಿ. ಬಾಗಿಲಿನ ಜಿಪ್ ಪೂರ್ತಿ ಮುಚ್ಚಿ, ಆಮೇಲೆ ಬುಡದ ಗೂಟ ಹೊಡೆಯಿರಿ. ಬಾಗಿಲು ತೆರೆದಿಟ್ಟು ಗೂಟ ಹೊಡೆದರೆ ರಾತ್ರಿ ಜಿಪ್ಪಿನ ಎರಡು ತುದಿ ಒಂದಕ್ಕೊಂದು ಎಟುಕುವುದೇ ಇಲ್ಲ. ಬಳಿಕ ಜಿಪ್ ತೆರೆದು ಒಬ್ಬರು ಕಂಬ ಹಿಡಿದು ಒಳಗೆ ನುಸುಳಿ, ನಡುವಿನ ತುದಿಗೆ ಸಿಕ್ಕಿಸಿ ನಿಲ್ಲಿಸಬೇಕು. ಬಾಗಿಲ ಕವಲುಗಂಬ ಆಮೇಲೆ. ಹಗ್ಗಗಳನ್ನು ಎದುರುಬದುರು ಜೋಡಿಯಾಗಿ ಬಿಗಿಯುತ್ತಾ ಬನ್ನಿ, ಒಂದೇ ಕಡೆಯಿಂದ ಸಾಲಾಗಿ ಬಿಗಿದರೆ ಕಂಬ ವಾಲುತ್ತದೆ. ಹಗ್ಗದ ಗೂಟದ ತಲೆ ಡೇರೆಯಿಂದ ಆಚೆಗೆ ವಾಲಿರಲಿ. ಯಕ್ಷಗಾನದ ಡೇರೆ ಮೇಳಗಳಲ್ಲಿ ಗೂಟ ಹೊಡೆಯುವುದನ್ನು ನಿಂತು ನೋಡಿದವರಿಗೆ ಇದನ್ನೆಲ್ಲ ಹೇಳಬೇಕಿಲ್ಲ.

ರಾತ್ರಿ

ಮಲಗುವ ಮುನ್ನ ಹಗ್ಗಗಳನ್ನು ತುಸು ಸಡಿಲಿಸಿ. ಇಬ್ಬನಿಗೋ ಮಳೆಗೋ ತೋಯ್ದ ಹತ್ತಿ ಬಿಗಿದುಕೊಂಡು ಗೂಟವನ್ನೇ ಕೀಳಬಲ್ಲದು. ಹಾಸಿಗೆ ಗೋಡೆಗೆ ತಾಗಿದರೆ ಅಲ್ಲಿಂದ ತೇವ ಒಳಗಿಳಿಯುತ್ತದೆ. ಮೇಲಿನ ಗಾಳಿಕಿಂಡಿ ಎಂಥ ಚಳಿಗೂ ತೆರೆದೇ ಇರಲಿ. ಅಗ್ಗಿಷ್ಟಿಕೆ, ಗ್ಯಾಸ್ ಒಲೆ ಯಾವುದೂ ಒಳಗೆ ಬೇಡ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಒಣಗಿಸುವ ಕಷ್ಟ

ಡಿಸೆಂಬರಿನ ಒಂದು ಭಾನುವಾರ, ಮಕ್ಕಳ ಶಾಲೆಗೆ ತಡವಾಗದಂತೆ ಊರು ಸೇರಬೇಕೆಂಬ ಅವಸರದಲ್ಲಿ ಬೆಳಿಗ್ಗೆ ಏಳಕ್ಕೇ ಡೇರೆ ಮಡಚಿದೆ. ಮಳೆ ಬಂದಿರಲಿಲ್ಲ, ಬರೀ ಇಬ್ಬನಿ. ಕಾರಿನ ಡಿಕ್ಕಿಯಲ್ಲಿ ನಾಲ್ಕು ದಿನ ಉಳಿಯಿತು. ಗುರುವಾರ ಬಿಚ್ಚಿದರೆ ಹೊಲಿಗೆ ಮಡಿಚಿದಲ್ಲೆಲ್ಲ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆ, ಜೊತೆಗೆ ಹಳೆಯ ಗೋಣಿಯ ವಾಸನೆ. ಆ ಕಲೆ ಇಂದಿಗೂ ಹೋಗಿಲ್ಲ.

ಆದ್ದರಿಂದ ಕ್ಯಾಂಪ್ ಮುಗಿಯುವ ದಿನ ಹತ್ತು ಗಂಟೆಯ ಬಿಸಿಲು ಬೀಳುವ ತನಕ ಕಾಯಿರಿ. ಬಯಲ ಬಟ್ಟೆ ಒಣಗಿದಂತೆ ಕಂಡರೂ ಬುಡದ ಪಟ್ಟಿ, ಹೊಲಿಗೆಯ ಮಡಿಕೆ, ಜಿಪ್ಪಿನ ಅಂಚು ಒಣಗಿರುವುದಿಲ್ಲ. ಅಲ್ಲಿ ಕೆನ್ನೆ ಒತ್ತಿ ನೋಡಿ, ಬೆರಳಿಗೆ ತಿಳಿಯದ ತಂಪು ಕೆನ್ನೆಗೆ ತಿಳಿಯುತ್ತದೆ. ಮಳೆಯಲ್ಲೇ ಮಡಚಬೇಕಾಗಿ ಬಂದರೆ ಮನೆ ತಲುಪಿದ ದಿನವೇ, ತಪ್ಪಿದರೆ ಮರುದಿನ, ಬಿಚ್ಚಿ ಹರಡಲೇಬೇಕು. ಬಟ್ಟೆ ಒಣಹಾಕುವ ತಂತಿ ಇದರ ಭಾರ ತಾಳದು. ತಾರಸಿಯ ಕಟ್ಟೆ, ಅಡಿಕೆ ಒಣಗಿಸುವ ಅಟ್ಟ, ಜಗಲಿಯ ತೊಲೆ ಆದೀತು.

ಬೂಸ್ಟು ಬಂದರೆ ಮೊದಲು ಒಣಗಿಸಿ ಬ್ರಷ್ಷಿನಿಂದ ಉದುರಿಸಿ, ನೀರು ಬೆರೆಸಿದ ವಿನೆಗರ್‌ನಿಂದ ಒರೆಸಿ. ಸೋಪಿನ ಪುಡಿ ಹಾಕಿದರೆ ನೀರು ತಡೆಯುವ ಲೇಪ ಹೋಗುತ್ತದೆ, ಬ್ಲೀಚಿಂಗ್ ನೂಲನ್ನೇ ಸಡಿಲ ಮಾಡುತ್ತದೆ. ಹಾಗೆಂದು ತಿಂಗಳುಗಟ್ಟಲೆ ಬಿಸಿಲಲ್ಲಿ ನಿಲ್ಲಿಸಿಡುವಂತೆಯೂ ಇಲ್ಲ, ಹತ್ತಿ ಪುಡಿಯಾಗುತ್ತದೆ.

ಇಡುವಾಗ ಪ್ಲಾಸ್ಟಿಕ್ ಚೀಲ ಬೇಡ, ಬಟ್ಟೆಯ ಚೀಲವಿರಲಿ. ನೆಲಕ್ಕೆ, ಗೋಡೆಗೆ ತಾಗಿಸಿದರೆ ಗೆದ್ದಲು. ಧಾನ್ಯದ ಪಕ್ಕ ಇಟ್ಟರೆ ಇಲಿ. ಕಬ್ಬಿಣದ ಮಂಚದ ಮೇಲೆ ಇಟ್ಟಿದ್ದೇನೆ. ಆಷಾಢದಲ್ಲಿ ವಾರಕ್ಕೊಮ್ಮೆ ಚೀಲದ ಬಾಯಿ ಬಿಚ್ಚಿ ಮೂಗು ಹಾಕಿ ನೋಡಿ. ಗೋಣಿಯ ವಾಸನೆ ಬಂದರೆ ಹೊರಗೆ ಮಳೆಯಿದ್ದರೂ ಸರಿ, ಅವತ್ತೇ ನಡುಮನೆಯಲ್ಲಿ ಹರಡಿ ಫ್ಯಾನ್ ಹಾಕಿ. ಮನೆಯವರು ಎರಡು ದಿನ ಅದನ್ನು ದಾಟಿಕೊಂಡೇ ಓಡಾಡಬೇಕಾಗುತ್ತದೆ.