ಬಣ್ಣದ ಹೆಸರು ಆಮೇಲೆ, ಮೊದಲು ಜೋಡಿ ಹೊಂದಿಸಲಿ

ಒಂದೂವರೆ ವರ್ಷದ ಕೂಸಿನ ಮುಂದೆ ರಾಶಿ ಆಟಿಕೆ ಸುರಿದು ‘ಇದ್ಯಾವ ಬಣ್ಣ, ಅದ್ಯಾವ ಬಣ್ಣ’ ಅಂತ ಕೇಳಬೇಡಿ. ಬಣ್ಣದ ವ್ಯತ್ಯಾಸ ಅದಕ್ಕೆ ಕಾಣುತ್ತದೆ; ಹೆಸರು ಬಾಯಿಗೆ ಸರಿಯಾಗಿ ಕೂರಲು ಎಷ್ಟೋ ಮಕ್ಕಳಿಗೆ ಮೂರು ವರ್ಷವಾದರೂ ಬೇಕು. ಅಲ್ಲಿಯವರೆಗೆ ಜೋಡಿ ಹೊಂದಿಸಲಿ. ಕಣ್ಣು, ಕೈ, ನೆನಪು ಅದರಲ್ಲೇ ಪಳಗುತ್ತವೆ.

ಕೆಂಪು, ನೀಲಿ ಎರಡೇ ಸಾಕು. ಒಂದೇ ಅಳತೆಯ ಪ್ಲಾಸ್ಟಿಕ್ ಲೋಟ, ಬಣ್ಣಕ್ಕೆ ಮೂರರಂತೆ ತೆಗೆದುಕೊಳ್ಳಿ. ಕೆಂಪು ಚೆಂಡು, ನೀಲಿ ಲೋಟ ಇಟ್ಟರೆ ಮಗು ‘ಕೆಂಪು’ ಅನ್ನುವುದು ಚೆಂಡಿನ ಹೆಸರೆಂದುಕೊಳ್ಳುತ್ತದೆ. ಎರಡು ತಟ್ಟೆಯಲ್ಲಿ ಒಂದೊಂದು ಲೋಟ ಇಟ್ಟು ತೋರಿಸಿ, ಉಳಿದದ್ದನ್ನು ಅದರ ಕೈಗೆ ಕೊಡಿ. ತಪ್ಪಿದರೆ ಗದರದೆ ಎರಡು ಲೋಟ ಪಕ್ಕಪಕ್ಕ ಹಿಡಿಯಿರಿ, ತಾನೇ ನೋಡಿ ತಿದ್ದಿಕೊಳ್ಳುತ್ತದೆ. ಇದು ಬಂದ ಮೇಲೆ ‘ಕೆಂಪು ಲೋಟ ಕೊಡು ಪುಟ್ಟಾ’ ಅನ್ನಿ. ಹೆಸರು ಕೇಳುವುದು ಕಟ್ಟಕಡೆಗೆ. ಹತ್ತು ನಿಮಿಷದ ಮೇಲೆ ಎಳೆಯಬೇಡಿ.

ಆಕಾರಕ್ಕೆ ಅಡುಗೆಮನೆಯ ಡಬ್ಬಿಗಳೇ ಚೆನ್ನ. ದುಂಡು ಮುಚ್ಚಳ ಹೇಗಿಟ್ಟರೂ ಕೂರುತ್ತದೆ, ಚೌಕದ್ದನ್ನು ತಿರುಗಿಸಿ ಮೂಲೆಗೆ ಮೂಲೆ ಸೇರಿಸಬೇಕು. ಆದ್ದರಿಂದ ದುಂಡು ಮೊದಲು, ಚೌಕ ಆಮೇಲೆ, ತ್ರಿಕೋನ ಕೊನೆಗೆ. ಬರೆಯುವುದೂ ಹೀಗೆಯೇ: ನೋಡಿಕೊಂಡು ದುಂಡು ಬರೆಯಲು ಸುಮಾರು ಮೂರು ವರ್ಷ, ಚೌಕಕ್ಕೆ ನಾಲ್ಕು, ತ್ರಿಕೋನಕ್ಕೆ ಐದು. ಅದಕ್ಕೆ ಮೊದಲೇ ಪೆನ್ಸಿಲ್ ಹಿಡಿಸಿ ಬಲವಂತ ಮಾಡಬೇಡಿ. ತಟ್ಟೆಯಲ್ಲಿ ತೆಳ್ಳಗೆ ರವೆ ಹರಡಿದರೆ ಬೆರಳಲ್ಲೇ ಗೀಚುತ್ತದೆ.

ಮೂರು ದಾಟಿದವರಿಗೆ ಓಕುಳಿ ಬಲು ಇಷ್ಟ. ಒಂದು ಲೋಟ ನೀರಿಗೆ ಕಾಲು ಚಮಚ ಅರಿಶಿನ ಕದಡಿ, ಚಿಟಿಕೆ ಅಡುಗೆ ಸೋಡಾ ಹಾಕಿದರೆ ಹಳದಿ ಕೆಂಪಗೆ ತಿರುಗುತ್ತದೆ. ನಿಂಬೆರಸ ಹಿಂಡುತ್ತಾ ಹೋದರೆ ಮತ್ತೆ ಹಳದಿ. ಆರತಿಗೆ ಬಳಸುವ ಸುಣ್ಣ ಮಾತ್ರ ಮಕ್ಕಳ ಆಟಕ್ಕೆ ಬೇಡವೇ ಬೇಡ, ಕಣ್ಣಿಗೆ ಬಿದ್ದರೆ ಸುಡುತ್ತದೆ.

ಮೂರು ವರ್ಷದೊಳಗಿನವರ ಕೈಗೆ ಮಣಿ, ಗುಂಡಿ, ಹುಣಸೆ ಬೀಜ, ಕಡಲೆ ಕೊಡಲೇಬಾರದು. ಟಿಶ್ಯೂ ರೋಲಿನ ಕೊಳವೆಯೊಳಗೆ ತೂರುವಂಥದ್ದು ಗಂಟಲಿಗೂ ಸಿಕ್ಕೀತು.

ನಾಲ್ಕು ತುಂಬಿ, ಉಳಿದ ಬಣ್ಣ ಗುರುತಿಸುವ ಮಗು ಕೆಂಪು ಹಸಿರನ್ನು ಮಾತ್ರ ಪದೇಪದೇ ಅದಲುಬದಲು ಮಾಡಿದರೆ ಕಣ್ಣಿನ ವೈದ್ಯರಿಗೆ ತೋರಿಸಿ. ಹುಟ್ಟಿನಿಂದಲೇ ಬರುವ ಈ ಬಣ್ಣಗುರುಡು ಗಂಡುಮಕ್ಕಳಲ್ಲೇ ಹೆಚ್ಚು. ಎಷ್ಟು ತಿದ್ದಿದರೂ, ಗದರಿದರೂ ಹೋಗುವಂಥದ್ದಲ್ಲ.